ಮೈನಸ್ ಹದಿನೆಂಟು ಕಿಲೋ

ಮಲ್ಪೆಯ ಧಕ್ಕೆಯಲ್ಲಿ ಬೆಳಗಿನ ನಾಲ್ಕೂವರೆಗೆ
ಹರಾಜು ಕಟ್ಟೆಯ ಏಳನೇ ತಕ್ಕಡಿ
ಒಂದು ಬುಟ್ಟಿ ಅಂಜಲ್ ಹೊತ್ತುಕೊಂಡು ಹೇಳಿತು:
ಮೈನಸ್ ಹದಿನೆಂಟು ಕಿಲೋ.

ಮೊದಲು ನಕ್ಕರು. ಆಮೇಲೆ ಬೈದರು.
ಆಮೇಲೆ ನನಗೆ ಫೋನು ಬಂತು.

ಸೊಸೈಟಿಯ ಕಾರ್ಯದರ್ಶಿ ಸಂಜೀವ ತಿಂಗಳಾಯರು
ಹಳೆಯ ಪಟ್ಟಿ ತೆಗೆದಿಟ್ಟರು, ಹಿಂದಿನವ ಕೈಯಾರೆ ಬರೆದದ್ದು:
ಹರಾಜು ಕಟ್ಟೆಗೆ ಅರವತ್ತನಾಲ್ಕರಿಂದ ನೂರಿಪ್ಪತ್ತೇಳು,
ಐಸ್ ಪ್ಲಾಂಟಿಗೆ ತೊಂಬತ್ತಾರರಿಂದ.
ಒಬ್ಬರ ಹಿತ್ತಲಲ್ಲಿ ಇನ್ನೊಬ್ಬರ ಪಂಚಾಂಗ.
ನೂರಮೂರನೇ ಬಾಗಿಲು ತಟ್ಟಿದರೆ
ಒಮ್ಮೆ ತಕ್ಕಡಿ ಓಗೊಡುತ್ತದೆ, ಒಮ್ಮೆ
ಶೀತಲ ಕೋಣೆಯ ಥರ್ಮಾಮೀಟರು.
ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ಥರ್ಮೋಕೋಲ್ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ.
ಬರೆಯುವುದು ಇಷ್ಟೇ. ಜೋಡಿ ಆವರಣದೊಳಗೆ
ಇಡೀ ಜಾಗದ ವಿಳಾಸ:
ಹತ್ತು, ಅರವತ್ತನಾಲ್ಕು, ಸೊನ್ನೆ, ಸೊನ್ನೆ, ಓರೆಗೆರೆ, ಇಪ್ಪತ್ತೆರಡು.
ಪಕ್ಕದಲ್ಲಿ ನೆಟ್ಟಗೆ ನಿಂತ ಒಂದು ಗೆರೆ.
ಗೆರೆಯಾಚೆ ಫಿಲ್ಟರು. ಅದಕ್ಕೆ ಎರಡೇ ಮಾತು:
ಇಪ್ಪತ್ತಾರರ ಅಳತೆಗೆ ಕೊಯ್ಯಿ,
ಇಷ್ಟನೆಯ ತುಂಡು ಕೊಡು.

ಸೊನ್ನೆ ಅಂದರೆ ಮೊದಲನೆಯದು.
ನಾಲ್ಕು ಅಂದರೆ ಮೂರನೇ ಅಂಕಿ ತಾನಾಗಿ ಒಂದಾಗಿ
ಕೊನೆಯದು ಸೊನ್ನೆಗೆ ಮರಳುತ್ತದೆ.
ಹಿಂದಿನವ ಇಲ್ಲಿ ಇನ್ನೂರೈವತ್ತಾರು ಎಂದು ಬರೆದು
ಯಾಕೆ ಆಗುವುದಿಲ್ಲವೆಂದು
ಎರಡು ದಿನ ಚಹಾ ಕುಡಿದಿದ್ದನಂತೆ.

"ಒಂಬತ್ತು ತಕ್ಕಡಿಗೆ ಅರವತ್ತನಾಲ್ಕು ಜಾಗ ಎಂತಕ್ಕೆ ಮಾರಾಯ್ತಿ?"
ಅರ್ಧ ಮಾಡಬಹುದು, ಅರ್ಧದ ಅರ್ಧ ಮಾಡಬಹುದು,
ಮೂರು ಪಾಲು ಮಾತ್ರ ಬರುವುದಿಲ್ಲ ಈ ಕತ್ತಿಗೆ.
ಅದರಲ್ಲೂ ಮೊದಲನೆಯದು ಕೇರಿಯ ಹೆಸರು, ವಾಸಕ್ಕಿಲ್ಲ;
ಕೊನೆಯದು ಎಲ್ಲರನ್ನೂ ಒಟ್ಟಿಗೆ ಕರೆಯುವ ಕೂಗು.
ನಡುವಿನ ಅರವತ್ತೆರಡು ನಮ್ಮದು.
ಅವರು ತಲೆಯಾಡಿಸಿದರು. ಬೋಟಿನಲ್ಲೂ
ಎಣ್ಣೆಯ ಪಾಲು, ಬಲೆಯ ಪಾಲು ತೆಗೆದ ಮೇಲಲ್ಲವೇ
ಆಳಿನ ಪಾಲು.

ಹೊರಗೆ ಸದಿಯ ಕರ್ಕೇರರು ಬಲೆಯ ಹರಕು ಹೆಣೆಯುತ್ತ
ಎರಡು ಬೆರಳು ತೂರಿಸಿ ಕಣ್ಣಿನ ಅಳತೆ ನೋಡುತ್ತಿದ್ದರು.
ನಿನ್ನದೂ ಬಲೆಯಂತಲ್ಲ, ಎಂದರು.
ಹೌದೆನ್ನಲು ಬಾಯಿ ತೆರೆದೆ; ಎಷ್ಟು ಅಗ್ಗಕ್ಕೆ ಸಿಗುತ್ತದೆ ಹೋಲಿಕೆ.
ಅವರ ಕಣ್ಣು ಸಣ್ಣದಾದರೆ ಮರಿಮೀನು ಸಾಯುತ್ತದೆ,
ನನ್ನದು ತಪ್ಪಿದರೆ ಒಂದು ಬೆಳಗಿನ ಜಗಳ.
ಬಲೆಯಲ್ಲ ಅಣ್ಣ, ಬರೀ ಮನೆ ನಂಬರು, ಎಂದೆ.

ಹನ್ನೊಂದು ಕಡೆ. ಹನ್ನೊಂದು ಸಾಲು. ಓಡಿಸಿದೆ.
ಹಳದಿ, ಹಳದಿ, ಹಳದಿ, ಒಂದು ಕೆಂಪು:
ಡೀಸೆಲ್ ಬಂಕಿನ ಸ್ವಿಚ್ಚಿಗೆ ಕರೆಂಟೇ ಇರಲಿಲ್ಲ.
ಯಾರೋ ಮೊಬೈಲ್ ಚಾರ್ಜಿಗೆ ಹಾಕಿದ್ದರು.
ಮತ್ತೆ ಓಡಿಸಿದೆ. ಎಲ್ಲ ತಣ್ಣಗಾಯಿತು.

"ಉಳಿದದ್ದೆಷ್ಟು?"
"ಐದು ತುಂಡು."
ತಿಂಗಳಾಯರು ಕನ್ನಡಕ ಒರೆಸಿದರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ಒಣಮೀನು ಶೆಡ್ಡಿನ ಹೆಂಗಸರು ಮೂರು ಮಳೆಗಾಲದಿಂದ
ಒಂದು ತಕ್ಕಡಿ ಕೇಳುತ್ತಿದ್ದಾರೆ.
ನೆಟ್ಟಿನಲ್ಲಿ ಜಾಗ ಇಲ್ಲ ಎಂದು
ಲೆಟರ್‌ಹೆಡ್ಡಿನಲ್ಲೇ ಬರೆದು ಕೊಟ್ಟಿದ್ದೆವು.

ಜಾಗ ಇತ್ತು.
ಕೈಲೆಕ್ಕಕ್ಕೆ ಕಂಡಿರಲಿಲ್ಲ. ಅಥವಾ.
ಅಥವಾದ ಮುಂದಿನದನ್ನು ನಾನು ಕೇಳಲಿಲ್ಲ.
ಪಟ್ಟಿಯ ಕೊನೆಗೆ ಒಂದು ಹೆಸರು ಸೇರಿಸಿದೆ,
ಸೊನ್ನೆಯಿಂದ ಎಣಿಸಿದರೆ ಹನ್ನೊಂದನೆಯದು.
ಫಿಲ್ಟರು ಯಾರ ಶಿಫಾರಸನ್ನೂ ಕೇಳದೆ ಕೊಟ್ಟಿತು:
ಹತ್ತು, ಅರವತ್ತನಾಲ್ಕು, ಎರಡು, ನೂರತೊಂಬತ್ತೆರಡು.

ಎಂಟು ದಿನ ಬಿಟ್ಟು ತಕ್ಕಡಿ ಬಂತು.
ಅಪ್ಪಿಯಕ್ಕ ಎದುರು ನಿಂತು ನೋಡಿದಳು.
ಸೊನ್ನೆ ಉರಿಯುತ್ತಿತ್ತು.
"ಬರುವಾಗಲೇ ಹಾಳಾಗಿದೆಯಾ?"
ಏನಾದರೂ ಇಡಿ, ಎಂದೆ.

ಸೆರಗಿನ ತುದಿಯಿಂದ ಶೆಡ್ಡಿನ ಬೀಗದ ಕೈ ಬಿಚ್ಚಿ ಇಟ್ಟಳು.
ನಲವತ್ತು ಗ್ರಾಂ.
ತೆಗೆದಳು. ಮತ್ತೆ ಇಟ್ಟಳು.
ನಲವತ್ತೇ.